ಯೂಲಿಯು ಬೊಡೊಲಾ ಪ್ರಕರಣ: ಒಬ್ಬ ಇನ್‌ಸೈಡ್ ಲೆಫ್ಟ್, ಎರಡು ರಾಷ್ಟ್ರೀಯ ತಂಡ

ಫುಟ್‌ಬಾಲ್‌ನಲ್ಲಿ ರುಮೇನಿಯಾದ ಪರ ಅತಿ ಹೆಚ್ಚು ಗೋಲು ಹೊಡೆದವರ ಪಟ್ಟಿಯಲ್ಲಿ ಗೆಯೋರ್ಗೆ ಹಾಜಿ ಮತ್ತು ಆಡ್ರಿಯಾನ್ ಮುಟು ಮೊದಲಿಗೆ ನಿಲ್ಲುತ್ತಾರೆ, ತಲಾ 35 ಗೋಲು. ಅವರ ಕೆಳಗೆ 30 ಗೋಲುಗಳ ಯೂಲಿಯು ಬೊಡೊಲಾ ಇದ್ದಾರೆ. ಅವರು ಆಡಿದ್ದು 48 ಪಂದ್ಯ, 1931ರಿಂದ 1939ರವರೆಗೆ. ಇನ್ನು ಹಂಗೆರಿಯ ದಾಖಲೆ ತೆಗೆದರೆ ದ್ಯುಲಾ ಬೊಡೊಲಾ ಎಂಬ ಹೆಸರು ಸಿಗುತ್ತದೆ: 13 ಪಂದ್ಯ, 4 ಗೋಲು, 1940ರಿಂದ 1948. ಎರಡು ಪಟ್ಟಿಯಲ್ಲಿರುವುದೂ ಒಬ್ಬರೇ ಮನುಷ್ಯ; ದ್ಯುಲಾ ಎಂಬುದು ಯೂಲಿಯು ಹೆಸರಿನ ಹಂಗೇರಿಯನ್ ರೂಪ.

ಈ ಪ್ರಕರಣವನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: ಗಡಿ ಸರಿಯಿತು, ಆಟಗಾರನ ದೇಶ ಬದಲಾಯಿತು. ಇದು ಅರ್ಧ ಮಾತ್ರ ಸರಿ. ಬೊಡೊಲಾ ವಿಷಯದಲ್ಲಿ ಹುಟ್ಟೂರು, ಬೆಳೆದ ಕ್ಲಬ್ಬಿನ ಊರು, 1940ರಲ್ಲಿ ಆಡುತ್ತಿದ್ದ ಕ್ಲಬ್ಬು, ತೊಟ್ಟ ಅಂಗಿ ಇವು ನಾಲ್ಕೂ ಒಟ್ಟಿಗೆ ಸರಿಯಲಿಲ್ಲ. ಒಂದು ಅಲ್ಲೇ ಉಳಿಯಿತು, ಒಂದರ ದೇಶ ಬದಲಾಯಿತು, ಒಂದನ್ನು ಅವರೇ ಬಿಟ್ಟರು, ಕೊನೆಯದು ಈ ಮೂರರ ಪರಿಣಾಮ. ಬಿಡಿಬಿಡಿಯಾಗಿ ನೋಡದೆ ಹೋದರೆ ಅಂಕಿಗಳು ಸರಿಯಿದ್ದರೂ ಅರ್ಥ ತಪ್ಪುತ್ತದೆ.

ಹುಟ್ಟೂರು, ಆಡಿದ ಊರು

ಬೊಡೊಲಾ ಹುಟ್ಟಿದ್ದು 1912ರ ಫೆಬ್ರವರಿ 26ರಂದು, ಟ್ರಾನ್ಸಿಲ್ವೇನಿಯಾದ ಆಗ್ನೇಯ ಮೂಲೆಯ ಬ್ರಾಶೋವ್‌ನಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೆರಿಯ ಊರು. ಹಂಗೇರಿಯನ್ನರಿಗೆ ಬ್ರಶ್ಶೋ, ಅಲ್ಲಿನ ಜರ್ಮನರಿಗೆ ಕ್ರೋನ್‌ಸ್ಟಾಟ್. 1918ರ ಡಿಸೆಂಬರ್ 1ರಂದು ಟ್ರಾನ್ಸಿಲ್ವೇನಿಯಾ ರುಮೇನಿಯಾದೊಂದಿಗೆ ಒಂದಾಗುವ ನಿರ್ಣಯ ಹೊರಬಿದ್ದಾಗ ಅವರಿಗೆ ಆರು ವರ್ಷ. 1920ರ ಜೂನ್‌ನಲ್ಲಿ ಟ್ರಿಯಾನೋನ್ ಒಪ್ಪಂದ ಅದಕ್ಕೆ ಮುದ್ರೆ ಒತ್ತಿದಾಗ ಎಂಟು. ಅವರ ಶಾಲೆ, ಮೈದಾನ, ಮೊದಲ ಕ್ಲಬ್ಬು ಬ್ರಾಶೋವಿಯಾ, ಎಲ್ಲವೂ ರುಮೇನಿಯಾ ರಾಜ್ಯದ ಕಾಲದವು. ಮನೆಮಾತು ಹಂಗೇರಿಯನ್, ಪೌರತ್ವ ರುಮೇನಿಯಾದ್ದು. ಆ ಪೀಳಿಗೆಯ ಟ್ರಾನ್ಸಿಲ್ವೇನಿಯಾ ಮತ್ತು ಬನಾತ್ ಆಟಗಾರರಲ್ಲಿ ಬಹಳಷ್ಟು ಮಂದಿಯ ಸ್ಥಿತಿ ಇದೇ. 1930ರ ದಶಕದ ರುಮೇನಿಯಾ ತಂಡದ ಹೆಸರುಗಳನ್ನು ಓದಿದರೆ ರುಮೇನಿಯನ್, ಹಂಗೇರಿಯನ್, ಜರ್ಮನ್, ಯಹೂದಿ ಮನೆಗಳ ಹುಡುಗರು ಒಂದೇ ಸಾಲಿನಲ್ಲಿ ನಿಂತಿರುವುದು ಕಾಣುತ್ತದೆ. ತಂಡದ ಬಲವೂ ಅದೇ ಆಗಿತ್ತು.

ಅವರು ದೊಡ್ಡ ಆಟಗಾರರಾಗಿ ಬೆಳೆದದ್ದು ಬ್ರಾಶೋವ್‌ನಲ್ಲಲ್ಲ. ದೇಶದ ಇನ್ನೊಂದು ತುದಿಯ, ಹಂಗೆರಿ ಗಡಿಗೆ ಅಂಟಿಕೊಂಡಿರುವ ಒರಾಡಿಯಾದಲ್ಲಿ. 1910ರಲ್ಲಿ, ಊರಿನ ಹಂಗೇರಿಯನ್ ಹೆಸರಿನಲ್ಲಿ, ನಾಜ್‌ವಾರಾದ್ ಅಥ್ಲೆಟಿಕ್ ಕ್ಲಬ್ ಎಂದು ಹುಟ್ಟಿದ್ದ ಅಲ್ಲಿನ ಹಸಿರು-ಬಿಳಿ ತಂಡ ರುಮೇನಿಯಾದಲ್ಲಿ ಕ್ಲುಬುಲ್ ಅಥ್ಲೆಟಿಕ್ ಒರಾಡಿಯಾ ಆಗಿತ್ತು. 1932–33ರಲ್ಲಿ ರುಮೇನಿಯಾದ ರಾಷ್ಟ್ರೀಯ ಲೀಗ್ ಡಿವಿಜಿಯಾ ಎ ಆರಂಭವಾಯಿತು: 14 ತಂಡ, ಏಳೇಳರ ಎರಡು ಗುಂಪು. ಅದಕ್ಕೆ ಮೊದಲು ಪ್ರಾಂತೀಯ ಚಾಂಪಿಯನ್ನರ ನಡುವಿನ ನಾಕೌಟ್‌ನಲ್ಲಿ ರಾಷ್ಟ್ರೀಯ ಪ್ರಶಸ್ತಿ ನಿರ್ಧಾರವಾಗುತ್ತಿತ್ತು. ವಾರವಾರವೂ ಬಲವಾದ ಎದುರಾಳಿ ಸಿಗುವ ಲೀಗ್ ಬಂದದ್ದು ಬೊಡೊಲಾ ಅವರ 20ನೇ ವಯಸ್ಸಿನಲ್ಲಿ. ಇಂಥ ಹೊಂದಾಣಿಕೆ ಎಲ್ಲರಿಗೂ ಒದಗುವುದಿಲ್ಲ. ಒರಾಡಿಯಾ 1934–35ರಲ್ಲಿ ರಿಪೆನ್ಸಿಯಾ ತಿಮಿಶ್ವಾರಾದ ಹಿಂದೆ ಎರಡನೇ ಸ್ಥಾನ ಪಡೆಯಿತು.

ಇನ್‌ಸೈಡ್ ಲೆಫ್ಟ್ ಎಂದರೆ ಏನು ಕೆಲಸ

ಇಂದಿನ ಪ್ರೇಕ್ಷಕರು ‘ಫಾರ್ವರ್ಡ್’ ಎಂದ ಕೂಡಲೇ ಎದುರಾಳಿ ಗೋಲಿನ ಮುಂದೆ ನಿಲ್ಲುವ ಒಬ್ಬನನ್ನು ಕಲ್ಪಿಸಿಕೊಳ್ಳುತ್ತಾರೆ. ಬೊಡೊಲಾ ಕಾಲದ 2-3-5 ವಿನ್ಯಾಸದಲ್ಲಿ (ಇಬ್ಬರು ಬ್ಯಾಕ್, ಮೂವರು ಹಾಫ್‌ಬ್ಯಾಕ್, ಐವರು ಫಾರ್ವರ್ಡ್) ಮುಂದಿನ ಸಾಲಿನಲ್ಲೇ ಐವರು. ಎಡ-ಬಲ ಗೆರೆಗೆ ಅಂಟಿಕೊಂಡು ಇಬ್ಬರು ವಿಂಗರ್, ನಡುವೆ ಸೆಂಟರ್ ಫಾರ್ವರ್ಡ್, ಅವರ ಮಧ್ಯದ ಎರಡು ಸಂದುಗಳಲ್ಲಿ ಇನ್‌ಸೈಡ್ ರೈಟ್ ಮತ್ತು ಇನ್‌ಸೈಡ್ ಲೆಫ್ಟ್. ಈ ಇಬ್ಬರೂ ಒಂದು ಹೆಜ್ಜೆ ಹಿಂದೆ ಆಡುತ್ತಾ ಹಾಫ್‌ಬ್ಯಾಕ್‌ನಿಂದ ಚೆಂಡು ಪಡೆದು ವಿಂಗರ್‌ಗೆ ಕೊಡಬೇಕು. ವಿಂಗರ್ ಗೆರೆಯ ತನಕ ಓಡುವಷ್ಟರಲ್ಲಿ ಪೆನಾಲ್ಟಿ ಜಾಗಕ್ಕೆ ತಾವೂ ತಲುಪಿರಬೇಕು. ಈ ಎರಡನೇ ಕೆಲಸ ಗೊತ್ತಿಲ್ಲದ ಇನ್‌ಸೈಡ್ ಆಟಗಾರ ಒಳ್ಳೆಯ ಪಾಸು ಕೊಡುವವನಾಗಿ ಮಾತ್ರ ಉಳಿಯುತ್ತಾನೆ.

ಗೋಲು ಹೆಚ್ಚು ಬರುತ್ತಿದ್ದುದಕ್ಕೆ ನಿಯಮದ ಕಾರಣವೂ ಇದೆ. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲವಾಯಿತು. ಚೆಂಡು ಪಡೆಯುವ ಆಟಗಾರನಿಗೂ ಗೋಲು ಗೆರೆಗೂ ನಡುವೆ ಮೂವರು ಎದುರಾಳಿಗಳು ಇರಬೇಕಿದ್ದ ಕಡೆ ಇಬ್ಬರು ಸಾಕೆಂದಾಯಿತು. ಇಂಗ್ಲೆಂಡಿನವರು ಇದಕ್ಕೆ ಉತ್ತರವಾಗಿ ಸೆಂಟರ್ ಹಾಫ್‌ನನ್ನು ಹಿಂದಕ್ಕೆ ಎಳೆದು ಮೂರನೇ ಬ್ಯಾಕ್ ಮಾಡಿಕೊಂಡರು. ಡ್ಯಾನ್ಯೂಬ್ ನದಿಯ ದೇಶಗಳಲ್ಲಿ ಸೆಂಟರ್ ಹಾಫ್ ಇನ್ನೂ ದಾಳಿಗೆ ಹೋಗುತ್ತಲೇ ಇದ್ದ. ಅಂದರೆ ಹಿಂದೆ ಉಳಿದವರು ಇಬ್ಬರೇ ಬ್ಯಾಕ್. ಸೆಂಟರ್ ಫಾರ್ವರ್ಡ್ ಒಬ್ಬನನ್ನು, ವಿಂಗರ್ ಇನ್ನೊಬ್ಬನನ್ನು ಸೆಳೆದುಕೊಂಡರೆ ಇನ್‌ಸೈಡ್ ಲೆಫ್ಟ್‌ಗೆ ಬಾಗಿಲು ತೆರೆದಂತೆ.

ರಾಷ್ಟ್ರೀಯ ತಂಡದಲ್ಲಿ ಬೊಡೊಲಾ ಅವರ ಎಡಕ್ಕೆ ಆಡಿದವರು ರಿಪೆನ್ಸಿಯಾದ ಶ್ತೆಫಾನ್ ಡೊಬಾಯ್. ಅವರ ಎಡಗಾಲಿನ ಹೊಡೆತದ ಬಲ ರುಮೇನಿಯಾದಲ್ಲಿ ಇಂದಿಗೂ ಮಾತಿನಲ್ಲಿದೆ. ಅಂಥ ವಿಂಗರ್ ಇದ್ದಾಗ ಎದುರಾಳಿಯ ಬಲ ಬ್ಯಾಕ್ ಒಳಕ್ಕೆ ಬರಲಾರ. ಒಳಗಿನ ಜಾಗ ಪಕ್ಕದವನದಾಗುತ್ತದೆ. ಬೊಡೊಲಾ ಅವರ 30 ಗೋಲುಗಳ ಚರ್ಚೆಯಲ್ಲಿ ಡೊಬಾಯ್ ಹೆಸರು ಬಾರದಿದ್ದರೆ ಆ ಚರ್ಚೆ ಪೂರ್ಣವಲ್ಲ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

1934ರ ವಿಶ್ವಕಪ್‌ನಲ್ಲಿ ಈ ಜೋಡಿ ಆಡಿದ್ದು ಒಂದೇ ಪಂದ್ಯ. 16 ತಂಡಗಳ ನೇರ ನಾಕೌಟ್. ಸೋತರೆ ಅಂದೇ ಮನೆಗೆ. ಮೇ 27ರಂದು ತ್ರಿಯೆಸ್ತೆಯಲ್ಲಿ ಚೆಕೊಸ್ಲೊವಾಕಿಯಾ ಎದುರು ರುಮೇನಿಯಾದ ಮುಂದಿನ ಸಾಲು ಬಲದಿಂದ ಎಡಕ್ಕೆ ಬಿಂಡಿಯಾ, ಕೊವಾಚ್, ಸೆಪಿ, ಬೊಡೊಲಾ, ಡೊಬಾಯ್. 11ನೇ ನಿಮಿಷಕ್ಕೆ ಡೊಬಾಯ್ ಮುನ್ನಡೆ ತಂದರು. ವಿರಾಮದ ನಂತರ ಪುಚ್ ಮತ್ತು ನೆಯೆಡ್ಲಿ ಒಂದೊಂದು ಹೊಡೆದು 2–1 ಮಾಡಿದರು. ಆ ಚೆಕೊಸ್ಲೊವಾಕಿಯಾ ಫೈನಲ್ ತಲುಪಿತು. ಸಾಲಿನಲ್ಲಿರುವ ನಿಕೊಲಾಯೆ ಕೊವಾಚ್ ಯುದ್ಧಪೂರ್ವದ ಮೂರೂ ವಿಶ್ವಕಪ್‌ಗಳಲ್ಲಿ ಆಡಿದ ಬೆರಳೆಣಿಕೆಯ ಆಟಗಾರರಲ್ಲಿ ಒಬ್ಬರು. 1970ರ ದಶಕದ ಆರಂಭದಲ್ಲಿ ಆಯಾಕ್ಸ್‌ಗೆ ಯುರೋಪಿಯನ್ ಕಪ್ ಗೆದ್ದುಕೊಟ್ಟ ತರಬೇತುದಾರ ಶ್ತೆಫಾನ್ ಕೊವಾಚ್ ಇವರ ತಮ್ಮ.

1938ರಲ್ಲಿ ಈಜಿಪ್ಟ್ ಹಿಂದೆ ಸರಿದ ಕಾರಣ ರುಮೇನಿಯಾ ಅರ್ಹತಾ ಪಂದ್ಯವನ್ನೇ ಆಡದೆ ಫ್ರಾನ್ಸಿಗೆ ಹೋಯಿತು. ತುಲೂಸ್‌ನಲ್ಲಿ ಕ್ಯೂಬಾ ಜೊತೆ ಹೆಚ್ಚುವರಿ ಸಮಯದ ನಂತರ 3–3, ನಾಲ್ಕು ದಿನ ಬಿಟ್ಟು ನಡೆದ ಮರುಪಂದ್ಯದಲ್ಲಿ 2–1ರ ಸೋಲು. ಆ ಪೀಳಿಗೆಯ ದೊಡ್ಡ ನಿರಾಸೆ ಇದು. ಬೊಡೊಲಾ ಅವರಿಗೆ ಎರಡು ವಿಶ್ವಕಪ್‌ಗಳಲ್ಲಿ ಒಂದೂ ಗೋಲಿಲ್ಲ.

ಹಾಗಾದರೆ 30 ಗೋಲು ಎಲ್ಲಿಂದ? ಮುಖ್ಯವಾಗಿ ಬಾಲ್ಕನ್ ಕಪ್, ಮಧ್ಯ ಯುರೋಪಿನ ಹವ್ಯಾಸಿ ತಂಡಗಳ ಕಪ್, ಮತ್ತು ಸ್ನೇಹ ಪಂದ್ಯಗಳು. ಬಾಲ್ಕನ್ ಕಪ್ಪನ್ನು ರುಮೇನಿಯಾ 1929–31, 1933, 1936ರಲ್ಲಿ ಗೆದ್ದಿತು. 1933ರ ಆವೃತ್ತಿ ನಡೆದದ್ದು ಬುಕಾರೆಸ್ಟ್‌ನಲ್ಲಿ: ಬಲ್ಗೇರಿಯಾ ಮೇಲೆ 7–0, ಗ್ರೀಸ್ ಮೇಲೆ 1–0, ಯುಗೊಸ್ಲಾವಿಯಾ ಮೇಲೆ 5–0. ಮೂರು ಪಂದ್ಯದಲ್ಲಿ 13 ಗೋಲು ಹೊಡೆದು ಒಂದನ್ನೂ ಬಿಟ್ಟುಕೊಡಲಿಲ್ಲ. ಹವ್ಯಾಸಿಗಳ ಕಪ್ಪನ್ನು 1931–34ರ ಆವೃತ್ತಿಯಲ್ಲಿ ಗೆದ್ದದ್ದೂ ರುಮೇನಿಯಾವೇ. ಅಲ್ಲಿ ಒಂದು ಎಚ್ಚರಿಕೆ ಬೇಕು. ಆಸ್ಟ್ರಿಯಾ, ಹಂಗೆರಿ, ಚೆಕೊಸ್ಲೊವಾಕಿಯಾಗಳಲ್ಲಿ ಆಗಲೇ ವೃತ್ತಿಪರ ಫುಟ್‌ಬಾಲ್ ಇತ್ತು. ಅವು ಈ ಕಪ್ಪಿಗೆ ಕಳಿಸುತ್ತಿದ್ದುದು ಹವ್ಯಾಸಿ ತಂಡವನ್ನು. ರುಮೇನಿಯಾ ಕಳಿಸುತ್ತಿದ್ದುದು ತನ್ನ ಮೊದಲ ತಂಡವನ್ನೇ. ಹೀಗಾಗಿ ಅದೇ ಪಂದ್ಯ ರುಮೇನಿಯಾ ಪಟ್ಟಿಯಲ್ಲಿ ಪೂರ್ಣ ಅಂತರರಾಷ್ಟ್ರೀಯ, ಎದುರಾಳಿಯ ಪಟ್ಟಿಯಲ್ಲಿ ಅಲ್ಲ. ಇದರಿಂದ ಬೊಡೊಲಾ ಅವರ ಗೋಲಿನ ಬೆಲೆ ಕುಗ್ಗುವುದಿಲ್ಲ. ಆದರೆ ಎರಡು ದೇಶಗಳ ಪಂದ್ಯಪಟ್ಟಿಗಳನ್ನು ಹೋಲಿಸುವಾಗ ಲೆಕ್ಕ ತಾಳೆಯಾಗದಿದ್ದರೆ ಮೊದಲು ನೋಡಬೇಕಾದ್ದು ಇಲ್ಲಿ.

ಪಂದ್ಯಕ್ಕೆ 0.63 ಗೋಲಿನ ಸರಾಸರಿ ಬೊಡೊಲಾ ಅವರದು. 124 ಪಂದ್ಯ ಆಡಿದ ಹಾಜಿ ಅವರದು 0.28, 77 ಪಂದ್ಯದ ಮುಟು ಅವರದು 0.45. ಕಾಲ, ಆಟದ ವಿನ್ಯಾಸ, ಎದುರಾಳಿ ಎಲ್ಲ ಬೇರೆ ಇದ್ದರೂ, ಕಡಿಮೆ ಪಂದ್ಯ ಸಿಗುತ್ತಿದ್ದ ದಶಕದಲ್ಲಿ ಕಟ್ಟಿದ ಈ ದಾಖಲೆ 1990ರ ದಶಕದಲ್ಲಿ ಹಾಜಿ ಮುರಿಯುವವರೆಗೆ ನಿಂತಿತು.

ಬುಕಾರೆಸ್ಟ್‌ನ ಮೂರು ವರ್ಷ

1937ರಲ್ಲಿ ಬೊಡೊಲಾ ಒರಾಡಿಯಾ ಬಿಟ್ಟು ರಾಜಧಾನಿಯ ವೇನುಸ್ ಸೇರಿದರು. ಈ ದಿನಾಂಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ. ವೇನುಸ್ ಆ ದಶಕದಲ್ಲಿ ಐದು ಬಾರಿ ಚಾಂಪಿಯನ್: 1931–32, 1933–34, 1936–37, 1938–39, 1939–40. ಕೊನೆಯ ಎರಡು ಪ್ರಶಸ್ತಿಗಳು ಬೊಡೊಲಾ ಇದ್ದಾಗಿನವು. ಕ್ಲಬ್ಬಿನ ಅಧ್ಯಕ್ಷ ಜನರಲ್ ಗಾಬ್ರಿಯೆಲ್ ಮರಿನೆಸ್ಕು, ಬುಕಾರೆಸ್ಟ್ ಪೊಲೀಸ್ ಮುಖ್ಯಸ್ಥರಾಗಿದ್ದವರು, ರಾಜ ಎರಡನೇ ಕಾರೊಲ್‌ಗೆ ಹತ್ತಿರದವರು. ತಂಡದ ಬಲದ ಹಿಂದೆ ಆ ಕೈಯೂ ಇತ್ತು.

ಅಂದರೆ 1940ರ ಬೇಸಗೆಯಲ್ಲಿ 28 ವರ್ಷದ ಬೊಡೊಲಾ ರುಮೇನಿಯಾದ ಚಾಂಪಿಯನ್ ತಂಡದ ಆಟಗಾರ, ದೇಶದ ಅತಿ ಹೆಚ್ಚು ಗೋಲಿನ ಸರದಾರ, ರಾಜಧಾನಿಯ ನಿವಾಸಿ.

1940ರ ಆಗಸ್ಟ್ 30

ಅಂದು ವಿಯೆನ್ನಾದ ಬೆಲ್ವೆಡೆರ್ ಅರಮನೆಯಲ್ಲಿ ಜರ್ಮನಿಯ ರಿಬ್ಬೆನ್‌ಟ್ರಾಪ್ ಮತ್ತು ಇಟಲಿಯ ಚಾನೊ ಟ್ರಾನ್ಸಿಲ್ವೇನಿಯಾವನ್ನು ಎರಡು ಭಾಗ ಮಾಡಿದರು. ಉತ್ತರದ ಸುಮಾರು 43 ಸಾವಿರ ಚದರ ಕಿಲೋಮೀಟರ್ ಹಂಗೆರಿಗೆ ಹೋಯಿತು: ಒರಾಡಿಯಾ, ಕ್ಲೂಜ್, ಸಾತು ಮಾರೆ, ತಿರ್ಗು ಮುರೆಶ್ ಎಲ್ಲ. ಬ್ರಾಶೋವ್, ಆರಾದ್, ತಿಮಿಶ್ವಾರಾ ರುಮೇನಿಯಾದಲ್ಲೇ ಉಳಿದವು. ಸೆಪ್ಟೆಂಬರ್ ಮೊದಲ ವಾರದಲ್ಲಿ ಹಂಗೆರಿಯ ಸೇನೆ ಒರಾಡಿಯಾ ಪ್ರವೇಶಿಸಿತು. ಊರು ಮತ್ತೆ ನಾಜ್‌ವಾರಾದ್ ಆಯಿತು.

ಬೊಡೊಲಾ ಹುಟ್ಟೂರಿನ ದೇಶ ಬದಲಾಗಲಿಲ್ಲ. ಅವರು ಆಗ ವಾಸವಿದ್ದ ಊರಿನದೂ ಇಲ್ಲ. ಬದಲಾದದ್ದು ಮೂರು ವರ್ಷದ ಹಿಂದೆ ಬಿಟ್ಟುಬಂದಿದ್ದ ಕ್ಲಬ್ಬಿನ ಊರು. ‘ಗಡಿ ಅವರ ಮೇಲೆ ಹಾದುಹೋಯಿತು’ ಎನ್ನುವ ವಿವರಣೆ ಇಲ್ಲಿ ಸೋಲುತ್ತದೆ. ಅವರು ಗಡಿ ದಾಟಿದರು.

ದಾಟಲು ದಾರಿ ವಿಯೆನ್ನಾದ ಆ ತೀರ್ಪಿನಲ್ಲೇ ಇತ್ತು. ಬಿಟ್ಟುಕೊಟ್ಟ ಪ್ರದೇಶದ ನಿವಾಸಿಗಳು ತಾನಾಗಿಯೇ ಹಂಗೆರಿಯ ಪೌರರಾದರು. ಬೇಡವೆಂದವರು ಆರು ತಿಂಗಳೊಳಗೆ ರುಮೇನಿಯಾ ಪೌರತ್ವ ಆರಿಸಿಕೊಳ್ಳಬಹುದಿತ್ತು. ಹಾಗೆಯೇ 1919ರಲ್ಲಿ ಹಂಗೆರಿ ಬಿಟ್ಟುಕೊಟ್ಟ, ತೀರ್ಪಿನ ನಂತರವೂ ರುಮೇನಿಯಾದಲ್ಲೇ ಉಳಿದ ಪ್ರದೇಶದ ಹಂಗೇರಿಯನ್ ಜನರಿಗೂ, ಉದಾಹರಣೆಗೆ ಬ್ರಾಶೋವ್‌ನವರಿಗೆ, ಅಷ್ಟೇ ಅವಧಿಯಲ್ಲಿ ಹಂಗೆರಿ ಪೌರತ್ವ ಆರಿಸಿಕೊಳ್ಳುವ ಹಕ್ಕು ಸಿಕ್ಕಿತು. ಆರಿಸಿಕೊಂಡವರು ಒಂದು ವರ್ಷದೊಳಗೆ ಊರು ಬಿಡಬೇಕಿತ್ತು. ಎರಡೂ ದಿಕ್ಕಿನಲ್ಲಿ ಲಕ್ಷದ ಲೆಕ್ಕದಲ್ಲಿ ಜನ ಗಂಟುಮೂಟೆ ಕಟ್ಟಿದರು.

ಬುಕಾರೆಸ್ಟ್‌ನ ಸ್ಥಿತಿಯನ್ನೂ ಜೊತೆಗಿಟ್ಟು ನೋಡಬೇಕು. ಸೆಪ್ಟೆಂಬರ್ 6ರಂದು ರಾಜ ಕಾರೊಲ್ ಸಿಂಹಾಸನ ಬಿಟ್ಟರು. 14ರಂದು ‘ಉಕ್ಕಿನ ಪಡೆ’ ಎಂಬ ಉಗ್ರ ರಾಷ್ಟ್ರೀಯವಾದಿ ಸಂಘಟನೆ ಅಧಿಕಾರದ ಪಾಲುದಾರನಾಯಿತು. ನವೆಂಬರ್ ಕೊನೆಯಲ್ಲಿ ಜಿಲಾವಾ ಜೈಲಿನಲ್ಲಿ ಅದು ಕೊಂದುಹಾಕಿದ ಕೈದಿಗಳಲ್ಲಿ ವೇನುಸ್‌ನ ಅಧ್ಯಕ್ಷರಾಗಿದ್ದ ಮರಿನೆಸ್ಕು ಕೂಡ ಒಬ್ಬರು. ಫುಟ್‌ಬಾಲ್ ಮಟ್ಟದಲ್ಲೂ ಬಿರುಕು ಆಗಲೇ ಕಂಡಿತ್ತು: ಮಧ್ಯ ಯುರೋಪಿನ ಕ್ಲಬ್ಬುಗಳು ಆಡುತ್ತಿದ್ದ ಮಿಟ್ರೋಪಾ ಕಪ್‌ನ ಆ ವರ್ಷದ ಫೈನಲ್‌ಗೆ ಬಂದಿದ್ದವು ಬುಕಾರೆಸ್ಟ್‌ನ ರಾಪಿಡ್ ಮತ್ತು ಬುಡಾಪೆಸ್ಟ್‌ನ ಫೆರೆಂಟ್ಸ್‌ವಾರೋಶ್. ಎರಡು ದೇಶಗಳ ನಡುವೆ ಈ ಗಡಿ ಬಿದ್ದ ಮೇಲೆ ಫೈನಲ್ ನಡೆಯಲೇ ಇಲ್ಲ.

ಬೊಡೊಲಾ ತಮ್ಮ ಹಳೆಯ ಕ್ಲಬ್ಬಿಗೆ ಮರಳಿದರು. ಅದೇ ವರ್ಷ ಹಂಗೆರಿಯ ಅಂಗಿ ತೊಟ್ಟರು.

ನಾಜ್‌ವಾರಾದ್ ತಂಡದ ಏರಿಕೆ

ಊರು ಹಂಗೆರಿಗೆ ಸೇರಿದ ಮಾತ್ರಕ್ಕೆ ಕ್ಲಬ್ಬಿಗೆ ಮೊದಲ ದರ್ಜೆಯ ಬಾಗಿಲು ತೆರೆಯಲಿಲ್ಲ. 1940–41ರಲ್ಲಿ ಟ್ರಾನ್ಸಿಲ್ವೇನಿಯಾ ತಂಡಗಳು ಪ್ರತ್ಯೇಕ ಪ್ರಾಂತೀಯ ಸ್ಪರ್ಧೆ ಆಡಿದವು. 1941–42ರಲ್ಲಿ ಹಂಗೆರಿಯ ಮೊದಲ ದರ್ಜೆ 16 ತಂಡಗಳಿಗೆ ಹಿಗ್ಗಿದಾಗ ನಾಜ್‌ವಾರಾದ್, ಕೊಲೊಜ್‌ವಾರ್ (ಕ್ಲೂಜ್) ಮತ್ತು ಯುಗೊಸ್ಲಾವಿಯಾದಿಂದ ಕಿತ್ತುಕೊಂಡ ನೋವಿ ಸಾದ್‌ನ ತಂಡ ಒಳಗೆ ಬಂದವು. ಬೊಡೊಲಾ ದಾಖಲೆಯಲ್ಲಿ 1940–41ರ ಸಾಲು ಬಡವಾಗಿ ಕಾಣುವುದಕ್ಕೆ ಕಾರಣ ಈ ನಡುವಿನ ವರ್ಷ, ಗಾಯವಲ್ಲ.

ಒಳಬಂದ ಮೇಲೆ ತಡವಾಗಲಿಲ್ಲ. 1942–43ರಲ್ಲಿ ಚೆಪೆಲ್ ಹಿಂದೆ ಎರಡನೇ ಸ್ಥಾನ. 1943–44ರಲ್ಲಿ, ಫೆರೆಂಟ್ಸ್ ರೋನಾಯ್ ತರಬೇತಿಯಲ್ಲಿ, ಚಾಂಪಿಯನ್. ಎರಡನೇ ಸ್ಥಾನದ ಫೆರೆಂಟ್ಸ್‌ವಾರೋಶ್‌ಗಿಂತ 13 ಅಂಕ ಮುಂದೆ, ಅದೂ ಗೆಲುವಿಗೆ ಎರಡೇ ಅಂಕ ಸಿಗುತ್ತಿದ್ದ ಕಾಲದಲ್ಲಿ. ಹಂಗೆರಿ ಲೀಗ್ 1901ರಲ್ಲಿ ಶುರುವಾದಾಗಿನಿಂದ ಬುಡಾಪೆಸ್ಟ್ ಮತ್ತು ಅದರ ಅಂಚಿನ ಊರುಗಳ ಹೊರಗಿನ ಕ್ಲಬ್ಬು ಅದನ್ನು ಗೆದ್ದಿರಲಿಲ್ಲ. ಮೂರನೇ ಸ್ಥಾನ ಕೊಲೊಜ್‌ವಾರ್‌ನದು. ಟ್ರಾನ್ಸಿಲ್ವೇನಿಯಾದ ಎರಡು ಕ್ಲಬ್ಬು ಮೊದಲ ಮೂರರಲ್ಲಿ ಬಂದದ್ದಕ್ಕೆ ಒಂದು ಕಾರಣ ಸ್ಪಷ್ಟ: ಈ ತಂಡಗಳ ಹಿರಿಯ ಆಟಗಾರರು ಡಿವಿಜಿಯಾ ಎ ಮತ್ತು ರುಮೇನಿಯಾ ತಂಡದಲ್ಲಿ ಹದಗೊಂಡು ಬಂದವರು. ರುಮೇನಿಯಾ ಬೆಳೆಸಿದ ಆಟ ಹಂಗೆರಿಯ ಪ್ರಶಸ್ತಿಪಟ್ಟಿಯಲ್ಲಿ ಸೇರಿಕೊಂಡಿತು.

ಈ ಪ್ರಶಸ್ತಿಯನ್ನು ಅದರ ವಸಂತದಿಂದ ಬೇರ್ಪಡಿಸಿ ಬರೆಯುವುದು ಸರಿಯಲ್ಲ. 1944ರ ಮಾರ್ಚ್ 19ರಂದು ಜರ್ಮನಿ ಹಂಗೆರಿಯನ್ನು ಆಕ್ರಮಿಸಿತು. ಮೇ ತಿಂಗಳಲ್ಲಿ ನಾಜ್‌ವಾರಾದ್‌ನಲ್ಲಿ ಬುಡಾಪೆಸ್ಟ್ ಬಿಟ್ಟರೆ ಹಂಗೆರಿಯ ಅತಿ ದೊಡ್ಡ ಗೆಟ್ಟೊ ನಿರ್ಮಾಣವಾಯಿತು. 25 ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಅಲ್ಲಿ ತುಂಬಿ, ಮೇ ಕೊನೆಯಿಂದ ಕೆಲವೇ ವಾರಗಳಲ್ಲಿ ರೈಲುಗಳಲ್ಲಿ ಆಶ್ವಿಟ್ಸ್ ಸಾವಿನ ಶಿಬಿರಕ್ಕೆ ಸಾಗಿಸಿದರು. ಈ ಊರಿನ ವ್ಯಾಪಾರ, ವೈದ್ಯ ವೃತ್ತಿ, ಪತ್ರಿಕೆ, ಕ್ರೀಡಾ ಸಂಘಗಳನ್ನು ಕಟ್ಟುವುದರಲ್ಲಿ ಆ ಸಮುದಾಯದ ಪಾಲು ದೊಡ್ಡದು. ಚಾಂಪಿಯನ್ ತಂಡದ ಗ್ಯಾಲರಿಯ ಒಂದು ಭಾಗವೇ ಅದೇ ಋತುವಿನಲ್ಲಿ ಊರಿನಿಂದ ಅಳಿಸಿಹೋಯಿತು. ಜೂನ್ 2ರಂದು ಅಮೆರಿಕದ ಬಾಂಬರ್‌ಗಳು ರೈಲು ನಿಲ್ದಾಣದ ಮೇಲೆ ಎರಗಿದವು. ಅಕ್ಟೋಬರ್ 12ಕ್ಕೆ ಊರು ಸೋವಿಯತ್ ಮತ್ತು ರುಮೇನಿಯಾ ಪಡೆಗಳ ಕೈಗೆ ಬಂತು.

ಯುದ್ಧದ ನಂತರ

1945ರ ಮಾರ್ಚ್‌ನಲ್ಲಿ ಉತ್ತರ ಟ್ರಾನ್ಸಿಲ್ವೇನಿಯಾದ ಆಡಳಿತ ರುಮೇನಿಯಾಗೆ ಮರಳಿತು. 1947ರ ಫೆಬ್ರವರಿಯ ಪ್ಯಾರಿಸ್ ಒಪ್ಪಂದ ಅದನ್ನು ಖಾಯಂ ಮಾಡಿತು. ಬೊಡೊಲಾ 1945–46ರಲ್ಲಿ ಕ್ಲೂಜ್‌ನ ಫೆರಾರ್ ಕ್ಲಬ್ಬಿಗೆ ಆಡಿದರು. 1946ರಲ್ಲಿ ಬುಡಾಪೆಸ್ಟ್‌ನ ಎಂಟಿಕೆ ಸೇರಿದರು, 1949ರವರೆಗೆ ಅಲ್ಲೇ. ಯಹೂದಿ ವಿರೋಧಿ ಕಾನೂನುಗಳ ಕಾಲದಲ್ಲಿ, 1940ರಲ್ಲಿ ಮುಚ್ಚಿಹೋಗಿ 1945ರಲ್ಲಿ ಮತ್ತೆ ತಲೆಯೆತ್ತಿದ ಕ್ಲಬ್ಬು ಅದು. ಈ ಎರಡನೇ ದಾಟುವಿಕೆ ಮೊದಲನೆಯದಕ್ಕಿಂತ ಹೆಚ್ಚು ಮಾತಾಡುತ್ತದೆ. ಒರಾಡಿಯಾ ಮತ್ತೆ ರುಮೇನಿಯಾಗೆ ಬಂದರೂ ಬೊಡೊಲಾ ಅಲ್ಲಿ ನಿಲ್ಲಲಿಲ್ಲ.

ಹಂಗೆರಿ ಪರ ಬರೀ 13 ಪಂದ್ಯ, 4 ಗೋಲು ಏಕೆ ಎಂಬ ಪ್ರಶ್ನೆಗೆ ವಯಸ್ಸು ಮೊದಲ ಉತ್ತರ: 28ರಿಂದ 36. ಎರಡನೆಯದು ಪೈಪೋಟಿ. ರುಮೇನಿಯಾದಲ್ಲಿ ಅವರ ಜಾಗಕ್ಕೆ ಸಾಟಿಯೇ ಇರಲಿಲ್ಲ. ಹಂಗೆರಿ 1938ರ ವಿಶ್ವಕಪ್ ಫೈನಲ್ ಆಡಿದ ದೇಶ. ಷಾರೋಶಿ, ಜೆಂಗೆಲ್ಲೇರ್ ಮುಂತಾದವರು ಮುಂದಿನ ಸಾಲಿನಲ್ಲಿ ಬೇರೂರಿದ್ದರು. 1945ರ ಆಗಸ್ಟ್ 20ರಂದು 18 ವರ್ಷದ ಫೆರೆಂಟ್ಸ್ ಪುಷ್ಕಾಷ್ ರಾಷ್ಟ್ರೀಯ ತಂಡಕ್ಕೆ ಬಂದದ್ದು ಇದೇ ಇನ್‌ಸೈಡ್ ಲೆಫ್ಟ್ ಜಾಗಕ್ಕೆ. 30 ದಾಟಿದವನಿಗೆ ಆ ಬಾಗಿಲು ಮತ್ತೆ ಅಗಲವಾಗಿ ತೆರೆಯುವಂತಿರಲಿಲ್ಲ. ಅಂಥ ಸ್ಥಿತಿಯಲ್ಲೂ 1948ರವರೆಗೆ ಕರೆ ಬಂದದ್ದನ್ನು ದೊಡ್ಡ ಗೌರವವೆಂದೇ ಓದಬೇಕು.

ಇದೇ ಗಡಿಯ ಇನ್ನಿಬ್ಬರು

ಬೊಡೊಲಾ ನಿರ್ಧಾರವನ್ನು ತೂಗಲು ಇನ್ನಿಬ್ಬರನ್ನು ಪಕ್ಕದಲ್ಲಿಡಬೇಕು. 1910ರಲ್ಲಿ ನಾಜ್‌ವಾರಾದ್‌ನಲ್ಲೇ ಹುಟ್ಟಿದ ಯೂಲಿಯು ಬರಾಟ್ಕಿ ಮೊದಲು ಹಂಗೆರಿಗೆ ಆಡಿ, 1933ರಲ್ಲಿ ರುಮೇನಿಯಾ ಪರ ಬಂದರು. 1940ರಲ್ಲಿ ಹುಟ್ಟೂರೇ ಹಂಗೆರಿಗೆ ಹೋದರೂ ಬುಕಾರೆಸ್ಟ್‌ನ ರಾಪಿಡ್ ಬಿಡಲಿಲ್ಲ, 1962ರಲ್ಲಿ ಅಲ್ಲೇ ತೀರಿಕೊಂಡರು. ತಿಮಿಶ್ವಾರಾದ ಯೋಸಿಫ್ ಪೆಚೋವ್‌ಸ್ಕಿ ಊರಿನ ದೇಶ ಬದಲಾಗಲೇ ಇಲ್ಲ. ಆದರೂ ಯುದ್ಧಕಾಲದಲ್ಲಿ ಅವರು ಹಂಗೆರಿಗೆ ಆಡಿ, 1945ರ ನಂತರ ರುಮೇನಿಯಾ ತಂಡದ ಆಧಾರವಾದರು, ಆರಾದ್‌ನ ಇಟಾ ತಂಡದೊಂದಿಗೆ ಚಾಂಪಿಯನ್ ಆದರು. ಮೂವರಲ್ಲಿ ಯಾರೊಬ್ಬರ ದಾರಿಯೂ ಹುಟ್ಟೂರಿನ ನಕ್ಷೆಯಿಂದ ಊಹಿಸುವಂಥದ್ದಲ್ಲ.

ನಿಯಮ ಆಗ ಇಲ್ಲವೇ ಇರಲಿಲ್ಲ ಎನ್ನುವುದೂ ತಪ್ಪು. 1933ರ ಅಕ್ಟೋಬರ್ 29ರಂದು ಬರ್ನ್‌ನಲ್ಲಿ ಸ್ವಿಟ್ಜರ್ಲೆಂಡ್ ಎದುರಿನ ವಿಶ್ವಕಪ್ ಅರ್ಹತಾ ಪಂದ್ಯ 2–2 ಆಗಿತ್ತು. ರುಮೇನಿಯಾ ಬರಾಟ್ಕಿಯನ್ನು ಆಡಿಸಿದ್ದು ನಿಯಮಬಾಹಿರವೆಂದು ತೀರ್ಮಾನವಾಗಿ ಸ್ವಿಸ್ ತಂಡಕ್ಕೆ 2–0 ಗೆಲುವು ಕೊಟ್ಟರು. ಆದರೂ ಯುಗೊಸ್ಲಾವಿಯಾವನ್ನು 2–1ರಿಂದ ಸೋಲಿಸಿ ರುಮೇನಿಯಾ ಅರ್ಹತೆ ಗಳಿಸಿತು. 1940ರಲ್ಲಿ ಮಾತ್ರ ದೂರು ಕೊಡಲು ಸ್ಪರ್ಧೆಯೇ ಇರಲಿಲ್ಲ. ವಿಶ್ವಕಪ್ ನಿಂತುಹೋಗಿತ್ತು, ಹಂಗೆರಿ ಆಡುತ್ತಿದ್ದುದು ಹೆಚ್ಚಾಗಿ ಜರ್ಮನಿ-ಇಟಲಿಯ ಅಕ್ಷಕೂಟದ ಮತ್ತು ತಟಸ್ಥ ದೇಶಗಳೊಂದಿಗೆ ಸ್ನೇಹ ಪಂದ್ಯ. ಒಬ್ಬ ಆಟಗಾರ ಎರಡು ದೇಶಕ್ಕೆ ಆಡುವುದಕ್ಕೆ ಫಿಫಾ ಬಿಗಿಯಾದ ತಡೆ ಹಾಕಿದ್ದು 1960ರ ದಶಕದಲ್ಲಿ. ಇಂದಿನ ನಿಯಮಾವಳಿಯಲ್ಲಿ ಸರ್ಕಾರದ ತೀರ್ಮಾನದಿಂದ, ತನ್ನ ಒಪ್ಪಿಗೆ ಇಲ್ಲದೆ ಪೌರತ್ವ ಕಳೆದುಕೊಂಡ ಆಟಗಾರನಿಗೆ ವಿನಾಯಿತಿ ಇದೆ. ಒರಾಡಿಯಾದಲ್ಲೇ ಇದ್ದವನೊಬ್ಬ ಆ ವಿನಾಯಿತಿ ಕೇಳಬಹುದಿತ್ತು. ಸ್ವತಃ ಆರಿಸಿಕೊಂಡು ಗಡಿ ದಾಟಿದವನಿಗೆ, ಅದೂ 48 ಪಂದ್ಯದ ನಂತರ, ಅದು ಸಿಗುತ್ತಿರಲಿಲ್ಲ.

ದಾಖಲೆ ಕಟ್ಟುವಾಗ ತಪ್ಪುವುದು ಎಲ್ಲಿ

ಮೊದಲ ತಪ್ಪು ಹೆಸರಿನಲ್ಲಿ. ಯೂಲಿಯು ಮತ್ತು ದ್ಯುಲಾ ಎಂದು ಎರಡು ಕಡತ ತೆರೆದರೆ ಒಬ್ಬರ ಬದುಕು 1939ಕ್ಕೆ ನಿಲ್ಲುತ್ತದೆ, ಇನ್ನೊಬ್ಬರದು 1940ಕ್ಕೆ ಹುಟ್ಟುತ್ತದೆ. ಜನ್ಮದಿನಾಂಕವನ್ನು ಕೊಂಡಿಯಾಗಿ ಬಳಸುವುದೇ ಇದಕ್ಕೆ ಪರಿಹಾರ. ಹೆಸರು, ಊರು ಎರಡನ್ನೂ ನಂಬುವಂತಿಲ್ಲ. ಬ್ರಾಶೋವ್ ಎಂಬ ಹೆಸರೂ 1950ರಿಂದ 1960ರವರೆಗೆ ಸ್ತಾಲಿನ್ ನಗರ ಎಂದಾಗಿತ್ತು.

ಎರಡನೆಯದು ಕ್ಲಬ್ಬಿನದು, ಹೆಚ್ಚು ಜನ ಎಡವುವುದು ಇಲ್ಲಿ. ಕ್ಲುಬುಲ್ ಅಥ್ಲೆಟಿಕ್ ಒರಾಡಿಯಾ ಮತ್ತು ನಾಜ್‌ವಾರಾದ್ ಅಥ್ಲೆಟಿಕ್ ಕ್ಲಬ್ ಒಂದೇ ಸಂಸ್ಥೆ, ಒಂದೇ ಮೈದಾನ. ಯುದ್ಧದ ನಂತರ ಅದೇ ಕ್ಲಬ್ಬು ಲಿಬೆರ್ಟಾಟೆಯಾ, ಆಮೇಲೆ ಐಸಿಒ, ಆಮೇಲೆ ಪ್ರೊಗ್ರೆಸುಲ್ ಆಯಿತು. ಐಸಿಒ ಹೆಸರಲ್ಲಿ 1948–49ರ ರುಮೇನಿಯಾ ಲೀಗ್, ಪ್ರೊಗ್ರೆಸುಲ್ ಹೆಸರಲ್ಲಿ 1956ರ ರುಮೇನಿಯಾ ಕಪ್ ಗೆದ್ದಿತು. ಎರಡು ದೇಶಗಳ ಲೀಗ್ ಗೆದ್ದ ಅಪರೂಪದ ಕ್ಲಬ್ಬು ಅದು. ಇದಕ್ಕೆ ತದ್ವಿರುದ್ಧ ಉದಾಹರಣೆ ಕ್ಲೂಜ್‌ನ ಉನಿವೆರ್ಸಿತಾತೆಯಾ: 1940ರಲ್ಲಿ ವಿಶ್ವವಿದ್ಯಾಲಯದೊಂದಿಗೆ ಸಿಬಿಯುಗೆ ಸ್ಥಳಾಂತರವಾಗಿ ರುಮೇನಿಯಾ ಸ್ಪರ್ಧೆಗಳಲ್ಲೇ ಮುಂದುವರಿಯಿತು. ಒಂದು ಕ್ಲಬ್ಬು ಊರಿನೊಡನೆ ದೇಶ ಬದಲಿಸಿತು, ಇನ್ನೊಂದು ದೇಶದೊಡನೆ ಊರು ಬದಲಿಸಿತು. ಒಂದೇ ಸೂತ್ರ ಎರಡಕ್ಕೂ ಹೊಂದದು.

ಇಂದಿನ ಗಡಿಯಂತೆ ಬಾವುಟ ಹಾಕುವ ಅಭ್ಯಾಸವೂ ಕೆಡುಕು ಮಾಡುತ್ತದೆ. 1943–44ರ ಹಂಗೆರಿ ಚಾಂಪಿಯನ್ನರ ಮುಂದೆ ರುಮೇನಿಯಾ ಬಾವುಟವಿಟ್ಟರೆ ಲೀಗ್ ಯಾವುದೆಂದೇ ತಿಳಿಯದು. ಲೀಗಿಗೆ ಆ ಕಾಲದ ದೇಶ, ಊರಿಗೆ ಬೇಕಾದರೆ ಇಂದಿನ ದೇಶವನ್ನು ಪ್ರತ್ಯೇಕವಾಗಿ ಬರೆಯಬೇಕು. ಹಾಗೆಯೇ 48 ಮತ್ತು 13ನ್ನು ಕೂಡಿಸಿ 61 ಪಂದ್ಯ, 34 ಗೋಲು ಎಂದು ಬರೆಯುವವರಿದ್ದಾರೆ. ಅಂತರರಾಷ್ಟ್ರೀಯ ಗೋಲುಗಳ ಒಟ್ಟು ಲೆಕ್ಕ ಎಂದರೆ ಅದು ಸರಿ, ರುಮೇನಿಯಾದ ದಾಖಲೆ ಎಂದರೆ ತಪ್ಪು. ಬರ್ನ್ ಪಂದ್ಯದಂಥವುಗಳಲ್ಲಿ ಅಂಕಪಟ್ಟಿಗೆ 2–0, ಆಟಗಾರರ ಗೋಲಿನ ಲೆಕ್ಕಕ್ಕೆ ಮೈದಾನದ 2–2 ಎಂದು ಎರಡು ಅಂಕಣ ಬೇಕೇ ಬೇಕು.

ವೇನುಸ್ ಕ್ಲಬ್ಬು ಯುದ್ಧಾನಂತರದ ವರ್ಷಗಳಲ್ಲಿ ಮುಚ್ಚಿಹೋಯಿತು.  ಆದ್ದರಿಂದ 1937–40ರ ಮೂರು ವರ್ಷ, ಎರಡು ಲೀಗ್ ಪ್ರಶಸ್ತಿ, ಬೊಡೊಲಾ ಕಥೆಯಲ್ಲಿ ಮೊದಲು ಜಾರಿಹೋಗುವ ಭಾಗ. ಅದು ಜಾರಿದರೆ ‘ಒರಾಡಿಯಾದಲ್ಲೇ ಇದ್ದರು, ಊರು ಹೋಯಿತು, ಅವರೂ ಹೋದರು’ ಎಂಬ ಸುಲಭದ ಕಥೆ ತಾನಾಗಿ ಹುಟ್ಟುತ್ತದೆ.

ಬೊಡೊಲಾ 1993ರಲ್ಲಿ, 81ನೇ ವಯಸ್ಸಿನಲ್ಲಿ ತೀರಿಕೊಂಡರು. ಒರಾಡಿಯಾದ ಮುಖ್ಯ ಕ್ರೀಡಾಂಗಣ ಈಗ ಸ್ಟಾಡಿಯೊನುಲ್ ಯೂಲಿಯು ಬೊಡೊಲಾ, ಸುಮಾರು 11 ಸಾವಿರ ಆಸನಗಳದ್ದು. ಅವರ ಸಾಲನ್ನು ಯಾರಾದರೂ ಹೊಸದಾಗಿ ಬರೆಯುವುದಾದರೆ ಹೀಗೆ ಬರೆಯಬೇಕು: ಬ್ರಾಶೋವಿಯಾ, ಒರಾಡಿಯಾ, ರುಮೇನಿಯಾ ಲೀಗ್, 1937ರವರೆಗೆ, ವೇನುಸ್ ಬುಕಾರೆಸ್ಟ್ 1937–40, ಅದೇ ಒರಾಡಿಯಾ ಕ್ಲಬ್ಬು, ಹಂಗೆರಿ ಲೀಗ್, 1940ರಿಂದ, ಫೆರಾರ್ ಕ್ಲೂಜ್ 1945–46, ಎಂಟಿಕೆ ಬುಡಾಪೆಸ್ಟ್ 1946–49. ರುಮೇನಿಯಾ 48 ಪಂದ್ಯ 30 ಗೋಲು, ಹಂಗೆರಿ 13 ಪಂದ್ಯ 4 ಗೋಲು.